ಇರಬಹುದು ಮೇಷ್ಟ್ರ ಸೊರಮೀನು

ಮೇಷ್ಟ್ರು ಹೋದರು ಅಂತ ಫೋನು ಬಂದಾಗ ನಾನು ತಿಂಡಿ ತಿನ್ನುತ್ತಿದ್ದೆ. ಮಾತಾಡಿ ಬಂದು ಮತ್ತೆ ಕೂತವಳು ತಟ್ಟೆಯಲ್ಲಿದ್ದ ಇಡ್ಲಿಯನ್ನು ಚಿಕ್ಕ ಚಿಕ್ಕದಾಗಿ ಮುರಿದು ಸಾಲಾಗಿ ಇಟ್ಟಿದ್ದೆ. ನೋಡಿಕೊಂಡ ಮೇಲೆ ಅಳು ಬಂತು. ಹಾಗೆ ಮುರಿಯುವುದು ಅವರಿಂದ ನನಗೆ ಅಂಟಿದ ಜಾಡ್ಯ.

ನಂಜನಗೂಡಿನ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ, ನಾನು ಸಸ್ಯಶಾಸ್ತ್ರ. ನಮ್ಮ ಲ್ಯಾಬುಗಳ ನಡುವೆ ಒಂದು ಪುಟ್ಟ ಕೋಣೆಯಿತ್ತು. ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚುತ್ತಿದ್ದೆವು. ಅವರೆದುರು ಕೂತು ನೆಮ್ಮದಿಯಾಗಿ ಉಂಡವರನ್ನು ನಾನು ಕಾಣೆ. ತಮ್ಮ ಚಪಾತಿಯನ್ನು ಉಗುರಿನಷ್ಟು ಅಗಲಕ್ಕೆ ಹರಿದುಕೊಂಡು ತಿನ್ನುವವರು, ತಮ್ಮ ಪಾಡಿಗೆ ತಿಂದರೆ ನಮಗೇನು ತಕರಾರು? ನಮ್ಮ ತುತ್ತನ್ನೂ ನೋಡುತ್ತಿದ್ದರು. ಕೈ ಬಾಯಿಯ ಹತ್ತಿರ ಹೋಗುತ್ತಿದ್ದಂತೆ ಅವರ ಕತ್ತು ತಾನಾಗಿ ಮುಂದೆ ಬರುತ್ತಿತ್ತು. ನುಂಗಿದ್ದು ಒಳಗೆ ಇಳಿದದ್ದು ಖಾತ್ರಿಯಾದ ಮೇಲೆ ಉಸಿರು ಬಿಡುತ್ತಿದ್ದರು. ಒಗ್ಗರಣೆಯಲ್ಲಿ ಬಿದ್ದ ಕೊಬ್ಬರಿ ಚೂರು, ಸಾರಿನ ನುಗ್ಗೇಕಾಯಿ ಸಿಪ್ಪೆ, ಜ್ವರದ ಮಾತ್ರೆ, ಎಲ್ಲದರ ಮೇಲೂ ಅವರಿಗೆ ಅನುಮಾನ. ಮದುವೆ ಮನೆಯಲ್ಲಿ ಅವರ ಎದುರಿನ ಪಂಕ್ತಿಯಲ್ಲಿ ವಯಸ್ಸಾದವರು ಕೂತು ಹೋಳಿಗೆಯನ್ನು ಮಡಿಸಿ ಬಾಯಿಗಿಟ್ಟರೆ, ಮೇಷ್ಟ್ರು ತಮ್ಮ ಎಲೆ ಬಿಟ್ಟು ಅರ್ಧ ಎದ್ದು ನಿಲ್ಲುತ್ತಿದ್ದರು. ಮಕ್ಕಳು ಚಿಕ್ಕವರಿದ್ದಾಗ ಕೋಡುಬಳೆಯನ್ನು ಪುಡಿ ಮಾಡಿ ಮಾಡಿ ಕೊಡುತ್ತಿದ್ದರಂತೆ. ಕೋಡುಬಳೆ ದುಂಡಗಿರುತ್ತದೆ ಅಂತ ಮಕ್ಕಳಿಗೆ ಗೊತ್ತಾದದ್ದು ಪಕ್ಕದ ಮನೆಯಲ್ಲಿ ಎಂದು ಅವರ ಮನೆಯವರೇ ನನ್ನ ಹತ್ತಿರ ಹೇಳಿ ನಕ್ಕಿದ್ದರು.

ಹೆದರಿಕೆ ತುತ್ತಿಗೆ ಮಾತ್ರ ಇರಲಿಲ್ಲ. ಸಂಜೆ ಲ್ಯಾಬಿಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಬಂದು, ಮತ್ತೆ ಹೋಗಿ ಎಳೆದು ನೋಡುವರು. ಕೆಲವು ದಿನ ರೈಲ್ವೇ ಗೇಟಿನ ತನಕ ನನ್ನ ಜೊತೆ ಮಾತಾಡಿಕೊಂಡು ಬಂದವರು ಅಲ್ಲಿಂದ ವಾಪಸ್ಸು ತಿರುಗುತ್ತಿದ್ದರು. ಬಸ್ಸಿಗೆ ಹೊರಟರೆ ಅದಕ್ಕೂ ಮೊದಲಿನ ಬಸ್ಸಿಗೇ ಬಂದು ನಿಂತಿರುತ್ತಿದ್ದರು. ಕಪಿಲೆಯ ದಡದಲ್ಲೇ ಹುಟ್ಟಿದ ಮನುಷ್ಯ, ಒಂದು ದಿನ ಹೊಳೆಗೆ ಇಳಿದವರಲ್ಲ. ಚಿಕ್ಕವರಿದ್ದಾಗ ಅವರ ತಾಯಿ ಸೋಪಾನದ ಮೇಲೆ ಕೂರಿಸಿ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದರಂತೆ. ದೊಡ್ಡವರಾದ ಮೇಲೆ ಅದೂ ಬೇಡವೆಂದು ಬಚ್ಚಲುಮನೆಗೇ ಸ್ನಾನ ಸೀಮಿತವಾಯಿತು.

ಹುಡುಗರು ಅವರಿಗೆ ಇಟ್ಟ ಹೆಸರು ‘ಇರಬಹುದು ಮೇಷ್ಟ್ರು’. ಬರೀ ಹೌದು ಅಥವಾ ಬರೀ ಇಲ್ಲ ಅಂತ ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಕಪ್ಪೆಗೆ ಹಲ್ಲಿದೆಯಾ ಸಾರ್ ಎಂದು ಕೇಳಿದರೆ, ಮೇಲಿನ ದವಡೆಯಲ್ಲಿದೆ, ಕೆಳಗಿನದರಲ್ಲಿ ಇಲ್ಲ, ಆದರೆ ಎಲ್ಲ ಕಪ್ಪೆಗೂ ಇದೇ ಲೆಕ್ಕ ಅಂತ ಹೇಳಕ್ಕಾಗಲ್ಲ, ಎಂದು ಶುರು ಮಾಡಿ ಗಂಟೆ ಹೊಡೆಯುವ ತನಕ ಎಳೆಯುತ್ತಿದ್ದರು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ನಾಳೆ ಪರೀಕ್ಷೆ ಬರೆಯುವ ಹುಡುಗನಿಗೆ ಹಲ್ಲಿದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕಿತ್ತು.

ಈ ತುತ್ತಿನ ಭಯಕ್ಕೂ ‘ಇರಬಹುದು’ವಿಗೂ ಮೂಲ ಸೊರಮೀನು. ಸೊರ ಅಂದರೆ ಶಾರ್ಕ್. ನಮ್ಮ ಕಡೆ ಸಂತೆಯಲ್ಲಿ ಬಾಣಂತಿಯರಿಗೆ ಅಂತ ಕೇಳಿ ಕೊಳ್ಳುತ್ತಾರಲ್ಲ, ಅದು. ದೇವಸ್ಥಾನದ ಪೂಜೆಯ ಮನೆತನದಲ್ಲಿ ಹುಟ್ಟಿ, ಈರುಳ್ಳಿಯನ್ನೂ ಒಳಗೆ ತರದ ಮನೆಯಿಂದ ಹೊರಟು, ಈ ಪುಣ್ಯಾತ್ಮರು ಸಂಶೋಧನೆಗೆ ಆರಿಸಿಕೊಂಡದ್ದು ತೀರದ ಸಣ್ಣ ಸೊರಗಳು ಏನು ತಿನ್ನುತ್ತವೆ, ಎಷ್ಟು ದೊಡ್ಡದನ್ನು ತಿನ್ನುತ್ತವೆ ಎಂಬ ವಿಷಯವನ್ನು. ಕೆಲವು ವರ್ಷ ಕರಾವಳಿಯಲ್ಲಿ ಇದ್ದು, ಬೆಳಗಿನ ಜಾವ ದೋಣಿ ಬರುವ ಹೊತ್ತಿಗೆ ದಕ್ಕೆಯಲ್ಲಿ ನಿಂತು, ಮೊಳದುದ್ದದ ಮೀನುಗಳನ್ನು ಕೊಂಡು ಹೊಟ್ಟೆ ಬಗೆದರು. ಮನೆಯಲ್ಲಿ ಸಮುದ್ರದ ನೀರಿನ ಮೇಲೆ ಓದು ಅಂತ ಹೇಳಿದ್ದರು. ತಾಯಿ ನಂಬಲಿಲ್ಲ. ರಜಕ್ಕೆ ಬಂದರೆ ಹಿತ್ತಲಲ್ಲೇ ನಿಲ್ಲಿಸಿ ಹಂಡೆ ನೀರು ಸುರಿದು ಆಮೇಲೆ ಒಳಗೆ ಬಿಡುತ್ತಿದ್ದರು. ಹೊಟ್ಟೆಪಾಡಿಗೆ ಹೊಟ್ಟೆ ಬಗಿಯೋ ಕೆಲಸ ಕಣೋ ನಿಂದು ಅನ್ನುತ್ತಿದ್ದರಂತೆ.

ಆ ಹೊಟ್ಟೆಗಳಲ್ಲಿ ಕಂಡದ್ದನ್ನು ಅವರು ನನಗೆ ಹೇಳಿದ್ದು ಊಟದ ಹೊತ್ತಿನಲ್ಲೇ. ನನಗೆ ವಾಕರಿಕೆ ಬರಲಿಲ್ಲ, ಯಾಕೆಂದರೆ ಮಗುವಿನ ಊಟದ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು. ತೀರಾ ಮರಿ ಸೊರ ಸೀಗಡಿ ತಿನ್ನುತ್ತದೆ, ಬೆರಳುದ್ದದ ಮೀನು ತಿನ್ನುತ್ತದೆ. ಕೊಂಚ ಬೆಳೆದರೆ ಬೂತಾಯಿಯಂಥ ಗೇಣುದ್ದದ ಮೀನು. ಅಗಿಯುವ ಪದ್ಧತಿ ಅದಕ್ಕೆ ಕಡಿಮೆ, ಹೆಚ್ಚಿನದನ್ನು ಇಡಿಯಾಗಿಯೇ ನುಂಗುವುದು. ಹಾಗಾಗಿ ಬಾಯಿ ಎಷ್ಟಗಲವೋ ಊಟವೂ ಅಷ್ಟೇ. ಅದರಲ್ಲೂ ಬಾಯಿಗೆ ಹಿಡಿಸುವಷ್ಟು ದೊಡ್ಡದರ ತಂಟೆಗೆ ಅದು ಹೋಗುವುದು ಅಪರೂಪ. ಬಾಯಿಗಿಂತ ಬಹಳ ಚಿಕ್ಕದನ್ನೇ ಹುಡುಕುತ್ತದೆ. ಬೆಳೆದು ದೊಡ್ಡದಾದ ಮೇಲೂ ಚಿಕ್ಕದನ್ನು ತಿನ್ನುವುದು ಬಿಡುವುದಿಲ್ಲ. “ಜನ ಅದನ್ನ ರಾಕ್ಷಸ ಅಂತಾರೆ ಮೇಡಂ. ನಮಗಿಂತ ನಾಜೂಕು ಅದರ ಊಟ,” ಅನ್ನುತ್ತಾ ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಸಂಕಟದಿಂದ ನೋಡುತ್ತಿದ್ದರು.

ಅವರ ಥೀಸಿಸ್ ಮುಗಿಯಲೇ ಇಲ್ಲ. ಬಗೆದ ಹೊಟ್ಟೆಗಳಲ್ಲಿ ಬಹಳಷ್ಟು ಖಾಲಿ ಇದ್ದವಂತೆ. ಬಲೆಗೆ ಬಿದ್ದ ಗಾಬರಿಗೆ ಮೀನು ಕಕ್ಕಿಬಿಡುತ್ತದೆ, ಇಲ್ಲವೇ ಅಷ್ಟು ಹೊತ್ತಿಗೆ ಕರಗಿಹೋಗಿರುತ್ತದೆ. ಖಾಲಿ ಇದ್ದದ್ದನ್ನು ತಿಂದಿಲ್ಲ ಅಂತ ಬರೆದು ಮುಗಿಸಿ ಎಂದು ಮಾರ್ಗದರ್ಶಕರು ಹೇಳಿದರೆ ಇವರು ಒಪ್ಪಲಿಲ್ಲ. ಖಾಲಿ ಹೊಟ್ಟೆ ಸಾಕ್ಷಿ ಹೇಳಲ್ಲ ಎಂಬುದು ಅವರ ವಾದ. ಆ ಒಂದು ಮಾತು ಹಿಡಿದುಕೊಂಡು ಡಾಕ್ಟರು ಆಗದೆ ಊರಿಗೆ ಬಂದು ಮೇಷ್ಟ್ರಾದರು. ಗಿಡಗಳು ಯಾರನ್ನೂ ನುಂಗುವುದಿಲ್ಲ, ನನ್ನ ಸಬ್ಜೆಕ್ಟೇ ಸುಖ ಎಂದು ನಾನು ರೇಗಿಸುತ್ತಿದ್ದೆ. ನೊಣ ಹಿಡಿಯುವ ಗಿಡಗಳಿವೆಯಲ್ಲ ಮೇಡಂ, ಎಂದು ಅದಕ್ಕೂ ಒಂದು ಕೊಕ್ಕೆ ಹಾಕುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಂದು ಫೆಬ್ರವರಿಯಲ್ಲಿ ನಮ್ಮಿಬ್ಬರಿಗೂ ತಿ.ನರಸೀಪುರದಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ ಬಿತ್ತು. ಬೇರೆ ಕಾಲೇಜಿನ ಕತ್ತರಿ ಹೇಗಿರುತ್ತದೋ ಎಂದು ಮೇಷ್ಟ್ರು ತಮ್ಮ ಕತ್ತರಿ ಚಿಮುಟಗಳ ಡಬ್ಬಿ ತಂದಿದ್ದರು, ಕೈ ಒರೆಸಲು ಅಂಚಿಗೆ ಹಸಿರು ಪಟ್ಟಿಯಿದ್ದ ಒಂದು ಬಿಳಿ ಟವೆಲೂ. ಬೆಳಗಿನ ಪರೀಕ್ಷೆ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಕಾನ್‌ಸ್ಟೇಬಲ್ ಒಬ್ಬರು ಸೈಕಲ್ ನಿಲ್ಲಿಸಿ ಓಡಿ ಬಂದರು. ನಮ್ಮ ಹಳೆಯ ವಿದ್ಯಾರ್ಥಿ. ಸಾ, ದೇವರು ಬಂದಂಗೆ ಬಂದ್ರಿ, ಒಳೇಲಿ ಶಾರ್ಕ್ ಸಿಕ್ಕದೆ, ಎಂದರು.

ಹಿಂದಿನ ದಿನ ಬಿಳಿಗೆರೆ ಕಡೆಯ ಹಳ್ಳಿಯ ಒಬ್ಬ ಗಾರೆ ಕೆಲಸದವನು ಹೆಂಡತಿಯ ಜೊತೆ ಬಂದು, ಹರಕೆಯ ಮುಡಿ ಕೊಟ್ಟು, ಸಂಗಮದಲ್ಲಿ ಮುಳುಗು ಹಾಕಲು ಇಳಿದವನು ಮೇಲೆ ಏಳಲಿಲ್ಲ. ಹರಿಗೋಲಿನವರು ಸಂಜೆಯ ತನಕ ಹುಡುಕಿದ್ದರು. ಆಮೇಲೆ, ಸೇತುವೆಯ ಕೆಳಗೆ ಬಿಟ್ಟಿದ್ದ ಬಲೆಯಲ್ಲಿ ಈ ಮೀನು ಬಂತು. ತೋಳುದ್ದ, ಬೂದುಬಣ್ಣ, ಕೆಳಗಡೆ ಬಾಯಿ, ಬಾಯಿ ತುಂಬ ಹಲ್ಲು. ಊರೆಲ್ಲ ಸುದ್ದಿಯಾಗಿ ಬೆಳಗಾಗುವಷ್ಟರಲ್ಲಿ ಮೀನು ಮನುಷ್ಯನನ್ನು ತಿಂದಾಗಿತ್ತು. ಇನ್ನು ಹುಡುಕಲು ಯಾರೂ ನೀರಿಗೆ ಇಳಿಯಲೊಲ್ಲರು. ಮನೆಯವನು ಸಿಗದೆ ಇಲ್ಲಿಂದ ಏಳಲ್ಲ ಎಂದು ಆ ಹೆಂಗಸು ನೆನ್ನೆಯಿಂದ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವನ ಪಂಚೆ, ಅಂಗಿ, ಚಪ್ಪಲಿ ಇದ್ದವು.

ಮೇಷ್ಟ್ರು ಬರಲ್ಲ ಎಂದೇ ನಾನು ಎಣಿಸಿದ್ದೆ. ಬಂದರು. ದಾರಿಯುದ್ದಕ್ಕೂ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ನೋಡುತ್ತಾ ಬಂದರು.

ಮೀನಿನ ಹತ್ತಿರ ಕೂತೊಡನೆ ಅವರಿಗೆ ಅರ್ಧ ವಿಷಯ ತಿಳಿಯಿತು. ಅಮೋನಿಯಾದ ಘಾಟು ನನಗೂ ಬಡಿಯಿತು. ಸೊರದ ಮಾಂಸ ಹಳಸಿದರೆ ಹೀಗೆ ಉಚ್ಚೆಯ ವಾಸನೆ ಬರುತ್ತದೆ, ಇದು ಸತ್ತು ಎಷ್ಟೋ ದಿನವಾಗಿದೆ, ಐಸ್ ಪೆಟ್ಟಿಗೆಯಲ್ಲಿ ಬಂದು ಮಾರಾಟವಾಗದೆ ಉಳಿದದ್ದನ್ನು ಯಾರೋ ಸೇತುವೆಯ ಮೇಲಿಂದ ಬಿಸಾಡಿದ್ದಾರೆ ಎಂದು ವಿವರಿಸಿದರು. ಜನ ಕೇಳಿಸಿಕೊಂಡರು, ನಂಬಿದ ಹಾಗೆ ಕಾಣಲಿಲ್ಲ. ಬಲೆಗೆ ಬಂದಾಗ ಕಣ್ಣು ಮಿಟುಕಿಸಿತು ಎಂದು ಯಾರೋ ಹೇಳಿಯಾಗಿತ್ತು. ಸಮುದ್ರದ ಮೀನು ಹೊಳೆಗೆ ಬರೋದಿಲ್ಲ ಅಂತ ಒಂದು ಮಾತು ಹೇಳಿಬಿಡಿ ಸಾ, ಅಷ್ಟು ಸಾಕು ಎಂದು ಕಾನ್‌ಸ್ಟೇಬಲ್ ಕಿವಿಯಲ್ಲಿ ಗೋಗರೆದರು. ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ, ಬರಲ್ಲ ಅಂತ ಹೇಳಕ್ಕಾಗಲ್ಲ, ಹೊಳೆ ಹತ್ತುವ ಒಂದು ಜಾತಿ ಇದೆ ಎಂದುಬಿಟ್ಟರು. ನನಗೆ ಅವರ ಬಾಯಿಗೆ ಆ ಟವೆಲನ್ನೇ ತುರುಕಬೇಕು ಅನ್ನಿಸಿತು. ಇದು ಆ ಜಾತಿಯಲ್ಲ, ಅಲ್ಲದೆ ಕೆಳಗೆ ಮೆಟ್ಟೂರಿನ ಅಣೆಕಟ್ಟಿದೆ, ಶಿವನಸಮುದ್ರದಂಥ ಜಲಪಾತವನ್ನು ಯಾವ ಮೀನೂ ಹತ್ತಿ ಬರಲಾರದು ಎಂದು ಮುಂದುವರಿಸಿದರು. ಆದರೆ ಮೊದಲಿನ ಮಾತಿಗೇ ಜನ ಎರಡು ಮೆಟ್ಟಿಲು ಹಿಂದೆ ಸರಿದಿದ್ದರು.

ಹೊಟ್ಟೆ ಕುಯ್ದು ತೋರಿಸಿ ಎಂದರು ಹರಿಗೋಲಿನ ಯಜಮಾನರು. ನರೆತ ಮೀಸೆಯ ಗಟ್ಟಿ ಆಳು. ಎಷ್ಟೋ ಹೆಣ ತೆಗೆದವರು. ಹೆದರಿಕೆ ಅವರದಲ್ಲ, ಅವರ ಜೊತೆ ಮುಳುಗಬೇಕಾದ ತಮ್ಮಂದಿರದು. ಮೇಷ್ಟ್ರು ಕತ್ತರಿ ತೆಗೆದರು. ಆ ಹೆಂಗಸು ಎದ್ದು ನಿಂತಳು. ಗುಂಪು ಬಗ್ಗಿತು. ಎಷ್ಟು ವರ್ಷದ ಮೇಲೆ ಆ ಕೆಲಸ ಮಾಡುತ್ತಿದ್ದರೋ, ಕತ್ತರಿ ಮಾತ್ರ ಗೆರೆ ಎಳೆದ ಹಾಗೆ ನೇರ ಹೋಯಿತು. ಹೊಟ್ಟೆಯ ಚೀಲವನ್ನು ಹೊರಗೆ ತೆಗೆದು ಸೀಳಿದರು. ಒಳಗೆ ಏನೂ ಇರಲಿಲ್ಲ.

ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಬೇರೆ ಯಾರಾಗಿದ್ದರೂ, ನೋಡ್ರಪ್ಪಾ, ತಿಂದಿಲ್ಲ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಇವರ ಬಾಯಲ್ಲಿ ಬಂದದ್ದು ಅದೇ ಹಳೆಯ ಪಲ್ಲವಿ. “ಖಾಲಿ ಇದೆ. ಖಾಲಿ ಹೊಟ್ಟೆಯಿಂದ ಏನೂ ಹೇಳಕ್ಕಾಗಲ್ಲ.”

ಕಾನ್‌ಸ್ಟೇಬಲ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಯಜಮಾನರು ಯೋಚಿಸಿ ಹೇಳಿದರು, “ಒಟ್ಟೆ ಖಾಲಿ ಅಂದ್ರೆ ಅಸ್ಕಂಡದೆ ಅಂತ ಅಲ್ವಾ ಸಾ?”

ಅದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು, ಹೊಟ್ಟೆಯಲ್ಲಿ ಅಲ್ಲ, ಬಾಯಲ್ಲಿ. ಮೀನನ್ನು ಅಂಗಾತ ಮಾಡಿ ದವಡೆಯನ್ನು ಆದಷ್ಟು ಅಗಲಿಸಿ ತಮ್ಮ ಬಲಗೈ ಬೆರಳುಗಳನ್ನು ಒಳಗೆ ಇಟ್ಟರು. ಮೂರು ಬೆರಳು ಹೋದವು. ನಾಲ್ಕನೆಯದು ಹೋಗಲಿಲ್ಲ. ಹಲ್ಲು ತಾಗಿ ರಕ್ತ ಬಂದರೂ ಕೈ ತೆಗೆಯದೆ ಒಬ್ಬೊಬ್ಬರಿಗೂ ತೋರಿಸಿದರು. ಇದರ ಊಟ ನಿಮ್ಮ ಎರಡು ಬೆರಳಿಗಿಂತ ದಪ್ಪ ಇರಲ್ಲ, ಇದಕ್ಕೆ ಮನುಷ್ಯ ಅಂದ್ರೆ ಗೋಡೆ ಇದ್ದಂಗೆ ಎಂದರು. ಜನಕ್ಕೆ ಅದು ಮನಸ್ಸಿಗೆ ಹತ್ತಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, ಇದರ ಅಪ್ಪ ಒಳಗಿದ್ರೆ, ಎಂದರು.

“ಇರಬ...” ಎಂದು ಮೇಷ್ಟ್ರು ಶುರು ಮಾಡಿದರು. ಹೆಂಗಸು ಅವರನ್ನೇ ನೋಡುತ್ತಿದ್ದಳು.

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಟವೆಲನ್ನು ನನ್ನ ಹೆಗಲಿಗೆ ಹಾಕಿ, ಚಪ್ಪಲಿ ಬಿಟ್ಟು, ಪ್ಯಾಂಟನ್ನೂ ಮಡಿಸದೆ ಮೆಟ್ಟಿಲು ಇಳಿದರು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಆ ಹೊಳೆಯ ಗುಂಡಿಗಳು ಎಲ್ಲಿವೆಯೋ, ಇವರಿಗೆ ಈಜು ಬರದು. ಎದೆಮಟ್ಟ ನೀರಿನಲ್ಲಿ ನಿಂತು ನಮ್ಮ ಕಡೆ ತಿರುಗಿದರು. ಎರಡು ಕೈಯನ್ನೂ ನೀರಿನ ಮೇಲೆ ಎತ್ತಿ ಹಿಡಿದಿದ್ದರು. ದವಡೆ ನಡುಗುವುದು ದಡಕ್ಕೇ ಕಾಣುತ್ತಿತ್ತು. ಅಲ್ಲೇ ನಿಂತರು. ನಿಂತೇ ಇದ್ದರು.

ಯಜಮಾನರು ಹರಿಗೋಲಿಗೆ ಕಾಲಿಟ್ಟರು. “ಮೇಲಕ್ಕೆ ಬನ್ನಿ ಸಾ. ನಿಮ್ಮನ್ನೂ ಉಡುಕಂಡು ಕೂರಕ್ಕಾಗಲ್ಲ,” ಎಂದರು. ತಮ್ಮಂದಿರೂ ಹಿಂದೆಯೇ ಹತ್ತಿದರು.

ಹೊತ್ತು ಇಳಿಯುವ ಮೊದಲು ಸಿಕ್ಕಿತು, ಬಂಡೆಯ ಸಂದಿನ ಮಡುವಿನಲ್ಲಿ. ದಡಕ್ಕೆ ತಂದು ಮಲಗಿಸಿದಾಗ ಬೋಳುತಲೆಯ ಆ ಮನುಷ್ಯ ಮಲಗಿ ನಿದ್ದೆ ಹೋದವನ ಹಾಗೇ ಇದ್ದ. ಹತ್ತಿರ ಹೋದ ಮೇಷ್ಟ್ರು ಮೊದಲು ನೋಡಿದ್ದು ಕೈಯನ್ನು. ನಾನೂ ನೋಡಿದೆ. ಬಲಗೈಯ ಬೆರಳ ತುದಿಗಳಲ್ಲಿ ಚರ್ಮ ಇರಲಿಲ್ಲ, ಎರಡರಲ್ಲಿ ಮಾಂಸವೂ ಇರಲಿಲ್ಲ. ಹೊಳೆಯ ಸಣ್ಣ ಮೀನು, ಏಡಿ, ಒಂದು ರಾತ್ರಿಯಲ್ಲಿ ಮಾಡುವ ಕೆಲಸ. ದೊಡ್ಡ ಬಾಯಿಗೆ ಅಷ್ಟೊಂದು ಹೆದರಿದ ಜನ; ತಿಂದದ್ದು ಕಣ್ಣಿಗೂ ಕಾಣದ ಬಾಯಿಗಳು. ಮೇಷ್ಟ್ರು ನನ್ನ ಹೆಗಲ ಮೇಲಿದ್ದ ಟವೆಲನ್ನು ಎಳೆದುಕೊಂಡು ಆ ಕೈಗೆ ಮಣಿಕಟ್ಟಿನವರೆಗೂ ಬಿಗಿಯಾಗಿ ಸುತ್ತಿದರು. ಗಂಟು ಹಾಕುವಷ್ಟರಲ್ಲಿ ಹೆಂಗಸು ಬಂದಳು. ಗಂಡನ ಮುಖ ನೋಡಿದಳು, ಸುತ್ತಿದ ಕೈ ನೋಡಿದಳು, ಅವರನ್ನು ಕೇಳಿದಳು.

“ತಿಂದಿತ್ತಾ ಸಾ ಅದು?”

“ಇಲ್ಲಮ್ಮ,” ಎಂದರು ಮೇಷ್ಟ್ರು.

ಅಷ್ಟೇ. ಹಿಂದೆ ಮುಂದೆ ಏನೂ ಇಲ್ಲದ ಇಲ್ಲ. ಅಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಮೊದಲ ಸಲ ಕೇಳಿದ್ದು.

ಬಸ್ಸಿನಲ್ಲಿ ಒದ್ದೆ ಬಟ್ಟೆಯಲ್ಲಿ ಸೀಟಿನ ತುದಿಗೆ ಕೂತಿದ್ದರು. ಸುತ್ತೂರು ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದರು.

“ಮಣ್ಣು ಮಾಡೋ ಮುಂಚೆ ಮೈ ತೊಳೀತಾರಲ್ವಾ ಮೇಡಂ?”

ತೊಳೆಯುತ್ತಾರೆ ಎಂದೆ.

“ಹಾಗಾದ್ರೆ ಆ ಟವೆಲ್ ಬಿಚ್ಚೋರು ಯಾರು? ಅವಳೇ ತಾನೆ?”

ನನಗೂ ಆಗಲೇ ಹೊಳೆದದ್ದು. ಇಲ್ಲ ಎಂದ ಬಾಯಿಯ ಎದುರಿಗೆ ಆ ಬೆರಳುಗಳು ಇನ್ನು ಒಂದು ದಿನದಲ್ಲಿ ತೆರೆದುಕೊಳ್ಳುತ್ತವೆ. ಮೇಷ್ಟ್ರು ಹೇಳಿದ್ದು ನಿಜ. ಆದರೆ ಬಟ್ಟೆ ಸುತ್ತಿ ಹೇಳಿದ ನಿಜವನ್ನು ಯಾರು ನಂಬುತ್ತಾರೆ? ಶಾರ್ಕೇ ತಿಂದಿದೆ, ಮೇಷ್ಟ್ರು ಮುಚ್ಚಿಟ್ಟರು ಎಂದು ಅವಳು ಬದುಕಿರುವ ತನಕ ಅಂದುಕೊಂಡರೆ? ವಿವರವಾಗಿ ಹೇಳಬೇಕಿತ್ತು ಮೇಡಂ, ಅನ್ನುತ್ತಲೇ ಮನೆ ಸೇರಿದರು.

ಆಮೇಲಿನ ತಿಂಗಳುಗಳಲ್ಲಿ ಅವರು ಕಂಗೆಟ್ಟುಹೋದರು. ಮೊದಲೇ ಅರ್ಧ ಜೀವದ ಮನುಷ್ಯ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ಸು ಹೋಗುತ್ತಿತ್ತು. ಬಿಳಿಗೆರೆ ಬಸ್ಸು ಹತ್ತಿ, ಬಿಡುವ ಮೊದಲೇ ಇಳಿದು ಬಂದದ್ದನ್ನು ನಾನೇ ಕಂಡೆ. ಸಾವಿನ ಮನೆಗೆ ಹೋಗಿ ಏಡಿ ಹೇಗೆ ತಿನ್ನುತ್ತದೆ ಅಂತ ಪಾಠ ಮಾಡ್ತೀರಾ ಎಂದು ಬೈದೆ. ಇಲ್ಲ, ಆದರೆ ಹೇಳದೆ ಇರೋದೂ ತಪ್ಪಲ್ವಾ ಎಂದರು. ಆ ವರ್ಷ ಮೀನಿನ ಪಾಠ ಬಂದಾಗ ಬೋರ್ಡಿನ ಮೇಲೆ ಸೊರದ ಚಿತ್ರ ಬರೆದು, ಬಾಯಿಯ ಗೆರೆ ಎಳೆಯದೆ ಹೊರಗೆ ಬಂದು ನಿಂತಿದ್ದರಂತೆ.

ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸು ಕಾಲೇಜಿಗೆ ಬಂದಳು. ನಂಜುಂಡೇಶ್ವರನಿಗೆ ಕೈಮುಗಿದು ಬಂದಿದ್ದಳು, ಹಣೆಯಲ್ಲಿ ವಿಭೂತಿ ಇತ್ತು. ಚೀಲದಿಂದ ಒಂದು ಟವೆಲ್ ತೆಗೆದು ಮೇಜಿನ ಮೇಲಿಟ್ಟಳು. ಒಗೆದು, ನೀಲಿ ಹಾಕಿ, ಮಡಿಸಿದ್ದು. ಅಂಚಿಗೆ ಹಸಿರು ಪಟ್ಟಿ ಇರದಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ. ಮೇಷ್ಟ್ರು ಎದ್ದು ನಿಂತರು.

ನಾನೇ ಬಿಚ್ಚಿದ್ದು ಸಾ, ಎಂದಳು. ಪೋಸ್ಟ್‌ಮಾರ್ಟಂ ಮಾಡಿದ ಆಸ್ಪತ್ರೆಯವರು ಟವೆಲನ್ನು ಮತ್ತೆ ಸುತ್ತಿಯೇ ಕೊಟ್ಟಿದ್ದರಂತೆ, ಮೈ ತೊಳೆಯುವಾಗ ನೋಡಿದಳಂತೆ.

ಮೇಷ್ಟ್ರ ವರ್ಷದ ಸಂಕಟವೆಲ್ಲ ಒಟ್ಟಿಗೆ ಹೊರಗೆ ಬಂತು. ಅದು ಸೊರ ಅಲ್ಲಮ್ಮ, ಸಣ್ಣ ಮೀನುಗಳು, ಏಡಿ, ಅವಕ್ಕೆ ಬಾಯಿ ಇಷ್ಟೇ ಇಷ್ಟು ಇರತ್ತೆ, ಎಂದು ಕೈಸನ್ನೆ ಮಾಡುತ್ತಾ ತೊದಲಿದರು. ಅವಳು ಪೂರ್ತಿ ಕೇಳಲಿಲ್ಲ.

“ಗೊತ್ತು ಸಾ. ನೀವು ಇಲ್ಲ ಅಂದ್ರಲ್ಲ.” ಟವೆಲಿನ ಮಡಿಕೆ ಸರಿ ಮಾಡುತ್ತಾ ಹೇಳಿದಳು, “ನಮಗೋಸ್ಕರ ಒಳೇಗಿಳ್ದೋರು ಸುಳ್ಳು ಏಳಕಿಲ್ಲ ಅಂದ್ಕಂಡೆ.”

ಮೇಷ್ಟ್ರು ಕುರ್ಚಿಯಲ್ಲಿ ಕೂತು, ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ನಾನು ಅವಳಿಗೆ ಊಟ ಆಯಿತಾ ಎಂದು ಕೇಳಿದೆ. ದೇವಸ್ಥಾನದಲ್ಲಿ ಆಯಿತು ಎಂದಳು.

ಅವಳನ್ನು ಬಸ್ಸು ಹತ್ತಿಸಲು ಮೇಷ್ಟ್ರೇ ಹೊರಟರು. ಲ್ಯಾಬಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎಳೆದೂ ನೋಡದೆ ಅವಳ ಜೊತೆ ಮಾತಾಡಿಕೊಂಡು ಗೇಟು ದಾಟಿ ಹೋಗಿಬಿಟ್ಟರು. ನಾನು ರೈಲ್ವೇ ಗೇಟಿನವರೆಗೂ ಹೋದವಳು ಮನಸ್ಸು ತಡೆಯದೆ ವಾಪಸ್ಸು ಬಂದು, ಆ ಬೀಗವನ್ನು ಎಳೆದು ನೋಡಿ ಹೋದೆ.